ಬಿಂದಿಗೆಯ ಮೇಲಿನ ವಿಭೂತಿ ಗೆರೆ

ನಾನು ಹುಟ್ಟಿನಿಂದಲೇ ಅನುಮಾನದ ಪ್ರಾಣಿ. ತಕ್ಕಡಿ ಹಿಡಿದವನ ಮುಖ ನೋಡುವುದಿಲ್ಲ, ಬೆರಳು ನೋಡುತ್ತೇನೆ. ಕೊಳ್ಳೇಗಾಲದ ರೇಷ್ಮೆ ಸೀರೆಗಳ ಗಂಟು ಹೊತ್ತು ಚಿಕ್ಕಪ್ಪನೂ ನಾನೂ ತೂತ್ತುಕುಡಿಯಲ್ಲಿ ಕೊಲಂಬೋಗೆ ಹೋಗುವ ಹಾಯಿಹಡಗು ಹತ್ತಿದಾಗಲೂ ಹಾಗೆಯೇ ಇದ್ದೆ. ನಮ್ಮ ತಾಲ್ಲೂಕು ಆಗ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ತಮಿಳು ಬರುತ್ತಿದ್ದರಿಂದ ಹಡಗಿನವರು ಪಿಸುಗುಟ್ಟಿದ್ದೂ ನನ್ನ ಕಿವಿಗೆ ಬೀಳುತ್ತಿತ್ತು.

ಎರಡು ದಿನದ ದಾರಿ ಎಂದಿದ್ದರು. ಎರಡನೆಯ ದಿನವೇ ಗಾಳಿ ಬಿದ್ದುಹೋಯಿತು. ಮಧುವನಹಳ್ಳಿಯ ನಮ್ಮ ಕಣದಲ್ಲಿ ರಾಗಿ ತೂರುವಾಗ ಗಾಳಿ ನಿಂತರೆ ಮೊರ ಕೆಳಗಿಟ್ಟು ಎಲೆಯಡಿಕೆ ಹಾಕಿಕೊಳ್ಳುತ್ತೇವೆ. ಇವರು ಹಾಗಲ್ಲ. ಒಬ್ಬ ಮುದುಕ ನಾವಿಕ ಬೆಳಗಿನಿಂದ ಸಮುದ್ರದ ನೀರು ಸೇದಿ ಹಾಯಿಗೆ ಎರಚುತ್ತಿದ್ದ. ಒದ್ದೆಯಾದರೆ ನೂಲು ಉಬ್ಬಿ ಸಂದು ಮುಚ್ಚುತ್ತದಂತೆ, ಬಂದ ಚೂರು ಗಾಳಿಯೂ ಸೋರಿಹೋಗುವುದಿಲ್ಲವಂತೆ. ನನಗೆ ಇದು ನಾಟಕ ಎನಿಸಿತು. ಅವನು ನಿಲ್ಲುತ್ತಿದ್ದುದು ನಮ್ಮ ಬಿಂದಿಗೆಯ ಪಕ್ಕದಲ್ಲಿ.

ಆ ಬಿಂದಿಗೆಯಲ್ಲಿ ನಮ್ಮ ಕುಡಿಯುವ ನೀರಿತ್ತು. ಚಿಕ್ಕಪ್ಪ ಲಿಂಗಪೂಜೆ ಮಾಡುವವರು, ಹಡಗಿನ ಪೀಪಾಯಿಯ ನೀರು ಮುಟ್ಟುವುದಿಲ್ಲ ಎಂದು ಹಟ ಹಿಡಿದಿದ್ದರು. ಬಿಂದಿಗೆ ಬರಿದಾದರೆ ಆ ಜೀವ ಉಳಿಯುವುದಿಲ್ಲ. ಐದನೆಯ ದಿನ ನೋಡಿದರೆ ನೀರು ಅರ್ಧಕ್ಕಿಂತ ಕೆಳಗೆ. ನಾನು ಅಳೆದು ಕೊಟ್ಟದ್ದು ಅಷ್ಟಿರಲಿಲ್ಲ.

ಕಣದಲ್ಲಿ ರಾಶಿಗೆ ಯಾರಾದರೂ ಕೈ ಹಾಕಿದರೆ ಗೊತ್ತಾಗಲೆಂದು ಬೂದಿಯ ಗೆರೆ ಎಳೆಯುತ್ತೇವೆ. ಬಿಂದಿಗೆಯ ಬಾಯಿಗೆ ಕಟ್ಟಿದ್ದ ಬಟ್ಟೆಯ ಮೇಲೆ ನಾನೂ ವಿಭೂತಿಯ ಗೆರೆ ಎಳೆದೆ. ಮಾರನೆಯ ಬೆಳಿಗ್ಗೆ ಗೆರೆ ಅಳಿಸಿತ್ತು.

ಹಡಗಿನ ಯಜಮಾನನನ್ನು ಕರೆದು, ಬಿಳಿ ಹತ್ತಿದ ಕೈಯವನೇ ಕಳ್ಳ ಎಂದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಮುದುಕ ತನ್ನ ಕೈ ನೋಡಿಕೊಂಡ. ಬೆರಳ ಸಂದಿಯೆಲ್ಲ ಬೆಳ್ಳಗಿತ್ತು. "ಉಪ್ಪು" ಎಂದ, ಅಷ್ಟೇ. ಯಜಮಾನ ಅವನ ಆ ದಿನದ ನೀರಿನ ಪಾಲು ನಿಲ್ಲಿಸಿದ.

ಮಧ್ಯಾಹ್ನ ಚಿಕ್ಕಪ್ಪ ಮೆಲ್ಲಗೆ ಹೇಳಿದರು: "ನಾನೇ ಕಣ್ಲಾ ಕುಡ್ದದ್ದು. ಗಂಟ್ಲು ತಡೀನಿಲ್ಲ. ನಿನ್ನ ಕೇಳಕ್ಕೆ ನಾಚ್ಕೆ ಆಯ್ತು."

ವಿಭೂತಿ ಅವರ ಕೈಯಲ್ಲಿ ಮೂರು ಹೊತ್ತೂ ಇರುತ್ತಿತ್ತು. ಹಡಗಿನವರ ಕೈಗಳನ್ನೆಲ್ಲ ನೋಡಿದ ನಾನು ಆ ಕೈಯನ್ನು ನೋಡಿರಲೇ ಇಲ್ಲ.

"ಯಜಮಾನ್ರಿಗೆ ಯೋಳ್ಬುಡ್ಲಾ?" ಎಂದು ಕೇಳಿದರು.

"ಸುಮ್ಕಿರು ಚಿಕ್ಕಪ್ಪ" ಎಂದೆ. ಮಾನ ಹೋಗುತ್ತದೆಂಬ ಹೆದರಿಕೆ ನನಗೆ.

ಮುದುಕ ಅಂದು ಸಂಜೆಯವರೆಗೂ ಒಣಗಿದ ತುಟಿಯಲ್ಲೇ ಹಾಯಿಗೆ ನೀರೆರಚಿದ. ನಾನು ಬಿಂದಿಗೆಯ ಪಕ್ಕದಲ್ಲೇ ಕೂತಿದ್ದೆ. ಒಂದು ಲೋಟ ನೀರು ಕೊಡಬಹುದಿತ್ತು. ಕೊಟ್ಟರೆ ಹಡಗಿನವರಿಗೆ ಅನುಮಾನ ಬರುತ್ತದೆ ಎಂದು ಕೊಡಲಿಲ್ಲ.