ಕಾಲುಂಗುರದ ಮಾತೆ

ಹಲಸಿನ ತೊಲೆಯನ್ನು ಗರಗಸಕ್ಕೆ ಕೊಟ್ಟಾಗ ಏಳುವ ವಾಸನೆ ನಿಮಗೆ ಗೊತ್ತಿರಬಹುದು. ಹಣ್ಣು ನೆನಪಾಗುವಷ್ಟು ಮಾತ್ರ ಸಿಹಿ. ಚೆನ್ನೈನ ಅಂಬತ್ತೂರಿನ ನನ್ನ ಹಳೆಮರದ ಅಂಗಡಿಯಲ್ಲಿ, ಕೆಡವಿದ ಮನೆಗಳ ಬಾಗಿಲು-ಕಿಟಕಿಗಳ ನಡುವೆ ಆ ವಾಸನೆ ಎದ್ದರೆ, ನಾನು ಚೌಕಾಸಿಯನ್ನೇ ಮರೆತುಬಿಡುತ್ತೇನೆ. ಹಾಗೆ ಮರೆಯಬಾರದು. ನೀವು ಹಳೆ ಮರ ಕೊಳ್ಳುವುದಾದರೆ ತಟ್ಟಿ ಕೇಳಿ, ಬೇರೆ ನಾಲ್ಕರ ಬೆಲೆ ವಿಚಾರಿಸಿ, ಮೆಚ್ಚಿದ್ದರ ಕಡೆ ಅಪ್ಪಿತಪ್ಪಿಯೂ ತಿರುಗಿ ನೋಡಬೇಡಿ.

ಪೆರಂಬೂರಿನ ನಮ್ಮ ಮನೆಯ ಹಿಂದಿನ ವರಾಂಡ ಸದಾ ಹಳದಿಯಾಗಿರುತ್ತಿತ್ತು. ಹಗಲು ರೈಲುಡಬ್ಬಿಗಳ ಮರಗೆಲಸ ಮುಗಿಸಿ ಬಂದ ದೊಡ್ಡಪ್ಪ, ಕಾಫಿ ಕುಡಿದು ಅಲ್ಲಿ ಹಲಸು ಕಡೆಯಲು ಕೂರುತ್ತಿದ್ದರು. ಹಾರಿದ ಹೊಟ್ಟು ನನ್ನ ಲಂಗ, ಜಡೆಗಳಿಗೆಲ್ಲ ಅಂಟುತ್ತಿತ್ತು. ಉಡುಪಿ ಕಡೆ ಭೂತದ ಮೂರ್ತಿಗಳನ್ನು ಕೆತ್ತಿ ಬೆಳೆದ ಕೈ ಅವರದು. ಇಲ್ಲಿ ತಮಿಳು ಸ್ಥಪತಿಯೊಬ್ಬರಿಂದ ಸೊಂಟದ ಬಾಗು, ಬೆರಳಿನ ನಯ ಕಲಿತರು. ಪಕ್ಕದ ಮನೆಯ ಆಂಗ್ಲೋ-ಇಂಡಿಯನ್ ಡೋರಿಸ್ ಆಂಟಿ ಒಂದು ಮೇರಿಮಾತೆ ಮಾಡಿಕೊಡಿ ಎಂದಾಗ ಇವೆಲ್ಲ ಒಂದೇ ಮರದಲ್ಲಿ ಸೇರಿದವು: ಭೂತದ ದೊಡ್ಡ ಕಣ್ಣು, ತಮಿಳು ನಡು, ಇಗರ್ಜಿಯ ನಿಲುವಂಗಿ. ಅಂಚಿನ ಕೆಳಗೆ ಇಣುಕುವ ಪಾದಗಳಲ್ಲಿ ಕಾಲುಂಗುರ!

ಡೋರಿಸ್ ಆಂಟಿ ಬಗ್ಗಿ ನೋಡಿದರು. ಕಾಲುಂಗುರದ ಮೇಲೆ ಬೆರಳಾಡಿಸಿದರು. ದೊಡ್ಡಪ್ಪ ಗಾಬರಿಯಾಗಿ ನನ್ನ ಕಡೆ ತಿರುಗಿದರು. "ನೀನೇ ಹೇಳು ಮಾರಾಯ್ತಿ, ಮಗು ಎತ್ತಿಕೊಂಡ ತಾಯಿಯನ್ನು ಕಾಲುಂಗುರ ಇಲ್ಲದೆ ನಿಲ್ಲಿಸುದು ಹೇಗೆ? ಬೇಡದಿದ್ರೆ ಈಗಲೇ ಕೆತ್ತಿ ತೆಗೀತೆ."

ಉಳಿ ಪಾದಕ್ಕೆ ತಾಗುವಷ್ಟರಲ್ಲಿ ಆಂಟಿ ಅವರ ಕೈ ಹಿಡಿದರು. ನಗು ತಡೆಯಲಾಗುತ್ತಿರಲಿಲ್ಲ ಅವರಿಗೆ. "ಇರುಕ್ಕಟ್ಟುಂ ಅಂಕಲ್, ಇರಲಿ! ಮದ್ರಾಸಿಗೆ ಬಂದ ಮೇಲೆ ಕಾಲ್ಬೆರಳಿಗೆ ಮೆಟ್ಟಿ ಹಾಕದಿದ್ದರೆ ಜನ ಏನಂತಾರೆ?"

ವರ್ಷಗಳು ಕಳೆದು ದೊಡ್ಡಪ್ಪ ತೀರಿಹೋದರು, ಆಮೇಲೆ ನಮ್ಮ ಮನೆಯೂ ಹೋಯಿತು. ಅವರ ಭೂತಗಳನ್ನು ಗೆದ್ದಲು ತಿಂದಿತು. ಗುಡಿಗೆ ಮಾಡಿಕೊಟ್ಟ ನಂದಿವಾಹನ ಬಣ್ಣದ ಮೇಲೆ ಬಣ್ಣ ಬಳಿಸಿಕೊಂಡು ಗುರುತೇ ಸಿಗದಂತಾಯಿತು. ಉಳಿದದ್ದು ಆ ಮಾತೆಯೊಂದೇ. ಈಚೆಗೆ ಡೋರಿಸ್ ಆಂಟಿಯ ಮನೆಯನ್ನೂ ಕೆಡವುತ್ತಾರೆಂಬ ಸುದ್ದಿ ಬಂದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ನನ್ನಂಥ ವ್ಯಾಪಾರಿಗಳು ಇಂಥ ಮನೆಗೆ ಎಷ್ಟು ಬೇಗ ನುಗ್ಗುತ್ತಾರೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಬೆಳಗಾಗುತ್ತಲೇ ಮಾತೆಯನ್ನು ಸುತ್ತಿ ತರಲು ಕಂಬಳಿ ಹಿಡಿದು ಓಡಿದೆ.

ಆಂಟಿ ತೀರಿಕೊಂಡಿದ್ದರು, ಮಗಳು ಶೀಲಾ ಸಾಮಾನು ಕಟ್ಟುತ್ತಿದ್ದಳು. ಮಾತೆ ಅಲಮಾರಿನ ಮೇಲೆ ಹಾಗೇ ಇದ್ದಳು. ನಾನು ಮೊದಲು ಅಲಮಾರಿನ ಬೆಲೆ ಕೇಳಿದೆ, ಕನ್ನಡಿಯದು ಕೇಳಿದೆ.

ಶೀಲಾ ನಕ್ಕಳು. "ಅಕ್ಕಾ, ನಿಮ್ಮ ಕಣ್ಣೆಲ್ಲ ಅವಳ ಮೇಲೇ ಇದೆ. ಅವಳು ಮಾರಾಟಕ್ಕಿಲ್ಲ. ನಾನು ಹೋದಲ್ಲಿಗೆ ಅವಳೂ ಬರ್ತಾಳೆ."

ಹತ್ತಿರ ಹೋಗಿ ನೋಡಿದೆ. ದಿನವೂ ಮುಟ್ಟಿದ ಬೆರಳುಗಳಿಂದ ಕಾಲುಂಗುರ ಸವೆದು ಮಿಂಚುತ್ತಿತ್ತು. ನಾನು ಒಯ್ದಿದ್ದರೆ ಗಾಜಿನ ಪೆಟ್ಟಿಗೆಯಲ್ಲಿಡುತ್ತಿದ್ದೆ, ಯಾರು ಮುಟ್ಟುತ್ತಿದ್ದರು? ಬಾಯಿ ಸುಮ್ಮನಿರಲಿಲ್ಲ: "ಹೊಸ ಫ್ಲ್ಯಾಟಿನಲ್ಲಿ ಗೋಡೆಗೆ ಒರಗಿಸಬೇಡ, ವಾರ್ನಿಷ್ ಹಚ್ಚಬೇಡ."

"ಅದನ್ನೆಲ್ಲ ನಿಮ್ಮ ದೊಡ್ಡಪ್ಪ ಅಮ್ಮನಿಗೆ ಹೇಳಿದ್ದಾರೆ ಅಕ್ಕಾ. ಅಮ್ಮ ನನಗೆ ಹೇಳಿದ್ದಾಳೆ."

ಆಟೋದಲ್ಲಿ ಮರಳುವಾಗ ಕಂಬಳಿ ಮಡಿಸಿದ್ದು ಮಡಿಸಿದಂತೆ ನನ್ನ ತೊಡೆಯ ಮೇಲಿತ್ತು. ನಮ್ಮ ಮನೆಯಿದ್ದ ಬೀದಿ ಬಂತು, ಹೋಯಿತು. ಬರಿಗೈಯಲ್ಲಿ ಮನೆಗೆ ಬಂದರೂ, ಆ ರಾತ್ರಿ ನೆಮ್ಮದಿಯಾಗಿ ಮಲಗಿದೆ.