ಸೊನ್ನೆಯಿಂದ ಭಾಗಿಸಿ ತೋರಿಸಿದವರು

"ಇದು ಕುರಿ ಎಣಿಸಿದಂಗಲ್ಲಮ್ಮ, ನಿನ್ನಿಂದ ಆಗಲ್ಲ" ಎಂದವರು ಪ್ರಾಕ್ಟಿಕಲ್ ಪರೀಕ್ಷೆಗೆ ಹೊರಗಿನಿಂದ ಬಂದಿದ್ದ ಪರೀಕ್ಷಕರು. ನಾನು ಚಿಪ್ಪಗಿರಿ ಕಡೆಯ ಕುರಿ ಸಾಕುವವರ ಮಗಳೆಂದು ಅವರಿಗೆ ಯಾರೋ ಹೇಳಿದ್ದರು. ಆ ಮಾತಿಗೆ ತಲೆ ಎತ್ತಿದವರು ನಮ್ಮ ಲ್ಯಾಬ್ ಮೇಡಂ ಒಬ್ಬರೇ. ಮುರಿದ ಕನ್ನಡಕದ ಕಾಲಿಗೆ ತಾಮ್ರದ ತಂತಿ ಸುತ್ತಿಕೊಂಡು, ಕೀಬೋರ್ಡ್ ಒರೆಸುವ ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡು, ಆದೋನಿಯ ಆ ಕಾಲೇಜಿನಲ್ಲಿ ಗುತ್ತಿಗೆ ಮೇಲೆ ದುಡಿಯುತ್ತಿದ್ದವರು.

ಪ್ರಶ್ನೆ ಸಣ್ಣದು. ಎರಡು ಫಂಕ್ಷನ್, ಕರೆದರೆ ಪ್ರತಿಯೊಂದೂ ತನ್ನ ಹೆಸರನ್ನು ಪರದೆಗೆ ಬರೆಯುತ್ತದೆ. ಮೊದಲನೆಯದರ ಉತ್ತರ ಸುಳ್ಳು, ಎರಡನೆಯದರದು ನಿಜ. ಎರಡೂ ನಿಜವಾದರೆ ಮಾತ್ರ ನಿಜ ಎನ್ನುವ 'ಮತ್ತು' ನಡುವೆ ಇಟ್ಟರೆ ಯಾವ ಹೆಸರುಗಳು ಬರುತ್ತವೆ? ಕರೆಂಟ್ ಹೋಗಿದ್ದರಿಂದ ಉತ್ತರವನ್ನು ಹಾಳೆಯಲ್ಲೇ ಬರೆಯಿರಿ ಅಂದರು ಪರೀಕ್ಷಕರು. ನಾನು ಒಂದೇ ಹೆಸರು ಬರೆದೆ. ಎರಡೂ ಬರಬೇಕೆಂದು ಅವರು ಕೆಂಪು ಗೀಟು ಎಳೆದರು. ಈ ಪರೀಕ್ಷೆ ಹೋದರೆ ಡಿಗ್ರಿಯೇ ಹೋದಂತೆ. ಮನೆಯಲ್ಲಿ ಆಗಲೇ ಗಂಡು ನೋಡಿಟ್ಟಿದ್ದರು, ಇನ್ನೊಂದು ವರ್ಷ ಕಾಯುವವರು ಯಾರೂ ಇರಲಿಲ್ಲ.

ಒಂದೇ ಹೆಸರು ಏಕೆಂದು ಹಿಂದೊಮ್ಮೆ ಲ್ಯಾಬಿನಲ್ಲಿ ನನಗೆ ತಿಳಿಸಿಕೊಟ್ಟವರು ಮೇಡಂ.

"ಹೆಣ್ಣು ನೋಡಾಕ ಬಂದೋರು ಮೊದ್ಲು ಏನ್ ಕೇಳ್ತಾರ?"

"ಬೆಡಗು, ಮೇಡಂ. ಯಾವ ಕುಲದೋರು ಅಂತ."

"ಎರಡೂ ಮನೀದು ಒಂದ ಬೆಡಗು ಅಂದ್ರ?"

"ಅಣ್ಣ-ತಂಗಿ ಆಗ್ತಾರ. ಚಾ ಕುಡದು ಎದ್ದು ಹೋಗ್ತಾರ."

"ಹುಡುಗಿ ಮಖ ನೋಡಲ್ಲೇನು?"

"ಯಾಕ ನೋಡ್ತಾರ್ರಿ?"

"ಮಷಿನ್ನೂ ಹಂಗ. ಮೊದಲನೇದು ಸುಳ್ಳಾತು ಅಂದ್ರ ಎರಡನೇದರ ಮಖ ನೋಡಂಗಿಲ್ಲ."

ಪರೀಕ್ಷೆಯ ದಿನ, ಕೆಂಪು ಗೀಟು ಬಿದ್ದ ಮೇಲೆ ಕರೆಂಟ್ ಬಂತು. ಮೇಡಂ ಯಾರನ್ನೂ ಕೇಳದೆ ಪ್ರಶ್ನೆಯಲ್ಲಿದ್ದ ಪ್ರೋಗ್ರಾಂ ಟೈಪ್ ಮಾಡಿ ಓಡಿಸಿದರು. ಒಂದೇ ಹೆಸರು ಬಂತು.

"ಎರಡನೇದೂ ಓಡಿರುತ್ತೆ, ಕಾಣಿಸಿಲ್ಲ ಅಷ್ಟೆ" ಎಂದರು ಪರೀಕ್ಷಕರು.

ಮೇಡಂ ಎರಡನೆಯ ಫಂಕ್ಷನ್ನಿನೊಳಗೆ ಸೊನ್ನೆಯಿಂದ ಭಾಗಿಸುವ ಒಂದು ಸಾಲು ಸೇರಿಸಿದರು. ಅದರೊಳಗೆ ಹೊಕ್ಕರೆ ಪ್ರೋಗ್ರಾಂ ಅಲ್ಲೇ ಬೀಳಬೇಕು. ಬೀಳಲಿಲ್ಲ.

"ನಾ ಒಡ್ಡಿದ ಉರುಲು ಗಟ್ಟಿ ಐತೋ ಇಲ್ಲೋ ಅದನ್ನೂ ನೋಡಿಬಿಡ್ರಿ ಸಾರ್" ಎನ್ನುತ್ತಾ ಮೊದಲನೆಯದನ್ನು ನಿಜ ಮಾಡಿ ಓಡಿಸಿದರು. ಈ ಸಲ ಬಿತ್ತು.

"ಇನ್ನ ಆಕಿ ಮಾರ್ಕ್ಸ್ ಹಾಕ್ರಿ."

ಹಾಕಿದರು, ಹಲ್ಲು ಕಚ್ಚಿಕೊಂಡು. ತಪ್ಪಾಯಿತು ಎನ್ನುವ ಒಂದು ಮಾತು ಅವರ ಬಾಯಿಂದ ಬರಲಿಲ್ಲ. ಬಂದದ್ದು ದೂರು. ಮುಂದಿನ ವರ್ಷ ಮೇಡಂ ಅವರ ಗುತ್ತಿಗೆ ಮುಂದುವರಿಯಲಿಲ್ಲ. ಪರೀಕ್ಷಕರಿಗೆ ಎದುರು ಮಾತಾಡಿದರಂತೆ. ತಪ್ಪು ಗೀಟು ಎಳೆದವರು ಈಗಲೂ ಎಲ್ಲೋ ಗೀಟು ಎಳೆಯುತ್ತಿದ್ದಾರೆ. ಸರಿ ತೋರಿಸಿದವರು ಕಂತೆ ಕಟ್ಟಿದ್ದ ವೈರುಗಳನ್ನು ಒಪ್ಪಿಸಿ, ಹೆಗಲ ಬಟ್ಟೆಯನ್ನು ಮಡಿಸಿಟ್ಟು ಹೋದರು. ಇದು ಯಾವ ನ್ಯಾಯ ಎಂದು ನಾನು ಇವತ್ತಿಗೂ ಕೇಳುತ್ತೇನೆ.

ಸರ್ಟಿಫಿಕೇಟ್ ತಂದ ದಿನ ಅವ್ವನ ಕೈಗೆ ಕೊಟ್ಟೆ. ಓದಲು ಬಾರದ ಅವ್ವ ಸೆರಗಿಗೆ ಕೈ ಒರೆಸಿಕೊಂಡು, ಹಾಳೆಯ ಕೆಳಗಿದ್ದ ಸಹಿಗಳ ಮೇಲೆ ಒಂದೊಂದಾಗಿ ಬೆರಳಿಟ್ಟಳು.

"ಆ ಮೇಡಮ್ಮನ ಹೆಸರು ಇದ್ರಾಗ ಎಲ್ಲೈತವ್ವ?"