ಸೊಲ್ಲಾಪುರದ ಹಾದಿಯಲ್ಲಿ ಉಳಿದ ಹುಡುಗಿ

ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಜಿಲ್ಲೆಯ ಪತ್ರಿಕೆಯೊಂದಕ್ಕೆ ಆಳಂದದಿಂದ ಸುದ್ದಿ ಕಳಿಸುತ್ತಿದ್ದೆ. ಒಂದು ಮಧ್ಯಾಹ್ನ, ಬಸ್ಸು ಹಳ್ಳಕ್ಕೆ ಸರಿದಿದೆ ಎಂದು ಕೇಳಿ ಆಸ್ಪತ್ರೆಗೆ ಹೋದೆ. ಯಾರೂ ಸತ್ತಿರಲಿಲ್ಲ. ಸೊಲ್ಲಾಪುರಕ್ಕೆ ಹೊರಟಿದ್ದವರು ವರಾಂಡದಲ್ಲಿ ಕುಳಿತು ಗಾಯಕ್ಕೆ ಪಟ್ಟಿ ಕಟ್ಟಿಸಿಕೊಳ್ಳುತ್ತಿದ್ದರು.

ಅವರಲ್ಲಿ ಹಣೆ ಒಡೆದ ಹುಡುಗಿಯೊಬ್ಬಳಿದ್ದಳು. ಹದಿನಾಲ್ಕೋ ಹದಿನೈದೋ ಇರಬೇಕು. ಜೊತೆಗಿದ್ದ ನಡುವಯಸ್ಸಿನ ಹೆಂಗಸು, "ನನ್ನ ಸೊಸಿರಿ, ಯಡ್ರಾಮಿ ಕಡೆಯಾಕಿ" ಎಂದಳು. ಚೀಟಿ ಬರೆಯುತ್ತಿದ್ದ ಕಂಪೌಂಡರ್ ಹುಡುಗಿಯನ್ನೇ ಗಂಡನ ಹೆಸರು ಕೇಳಿದ. ಆಕೆ ತಲೆ ತಗ್ಗಿಸಿದಳು.

"ಏನ್ರಿ ಸಾಹೇಬ್ರ, ನಿಮ್ಮ ಮನ್ಯಾಗ ನಿಮ್ಮ ಹೆಸರ ಹಿಡಿದು ಕರೀತಾರೇನು?" ಎಂದಳು ಹೆಂಗಸು. ವರಾಂಡವೆಲ್ಲ ನಕ್ಕಿತು. ನಮ್ಮ ಕಡೆ ಹೆಂಡತಿ ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವುದಿಲ್ಲ. ಹೆಂಗಸೇ ಒಂದು ಹೆಸರು ಹೇಳಿದಳು, ಆತ ಬರೆದುಕೊಂಡ.

ಗಾಯ ನೋಡುತ್ತಿದ್ದ ವೈದ್ಯೆ ಮಾತ್ರ ನಗಲಿಲ್ಲ. ಹೊಲಿಗೆ ಹಾಕಬೇಕೆಂದು ಹೆಂಗಸನ್ನು ಹೊರಗೆ ನಿಲ್ಲಿಸಿ, ಹುಡುಗಿಯನ್ನು ಒಳಗೆ ಕರೆದೊಯ್ದರು. ಪರದೆಯ ಈಚೆ ನಾನು, ಕಂಪೌಂಡರ್ ಇದ್ದೆವು.

"ಹೆಸರ ಬ್ಯಾಡವ್ವ. ನಿನ್ನ ಗಂಡ ಕಪ್ಪಗದಾನೋ, ಕೆಂಪಗದಾನೋ? ಅಷ್ಟು ಹೇಳು."

"ನಾ ನೋಡಿಲ್ರಿ ಬಾಯಾರ."

"ಮತ್ತ ತಾಳಿ ಯಾರ ಕಟ್ಟ್ಯಾರ?"

"ಆಕೀನೇ ಕಟ್ಟ್ಯಾಳ್ರಿ, ಜೇವರ್ಗಿ ಬಸ್‌ಸ್ಟ್ಯಾಂಡಿನ್ಯಾಗ. ಹಾದ್ಯಾಗ ಯಾರರ ಕೇಳ್ತಾರ, ಕೊಳ್ಳಾಗ ಇರಲಿ ಅಂದ್ಳು. ಲಗ್ನ ಮುಂಬೈದಾಗ ಅದಂತ್ರಿ."

ಕಂಪೌಂಡರ್ ನನ್ನ ಮುಖ ನೋಡಿದ.

ಅಷ್ಟರಲ್ಲಿ ಬದಲಿ ಬಸ್ಸು ಬಂದು ಹಾರ್ನ್ ಹೊಡೆಯಿತು. ಹೆಂಗಸು ಪರದೆ ಸರಿಸಿ ಬಂದು ಹುಡುಗಿಯ ಕೈಹಿಡಿದಳು.

"ಹುಡುಗಿ ಇಲ್ಲೇ ಇರ್ತಾಳ" ಎಂದರು ವೈದ್ಯೆ. "ಪೊಲೀಸರಿಗೆ ಹೇಳಿ ಕಳಸ್ತೇನಿ. ನೀವೂ ಕುಂದರ್ರಿ."

"ನಾ ಏನ್ ಕದ್ದು ತಂದೇನೇನ್ರಿ? ಆಕಿ ಸೋದರಮಾವನೇ ಬಸ್ಸಿಗೆ ಹತ್ತಿಸ್ಯಾನ!"

ಆ ದನಿಯಲ್ಲಿ ಅಂಜಿಕೆಯೇ ಇರಲಿಲ್ಲ. ಹುಡುಗಿಯ ಕೈಬಿಟ್ಟು, ಸೆರಗು ಸರಿಮಾಡಿಕೊಂಡು ಹೊರನಡೆದಳು. ಕಂಪೌಂಡರ್ ಹಿಂದೆಯೇ ಓಡಿದ. ಆತ ಗೇಟು ಮುಟ್ಟುವುದರೊಳಗೆ ಆಕೆಯನ್ನು ಹತ್ತಿಸಿಕೊಂಡ ಬಸ್ಸು ಹೊರಟಿತ್ತು.

"ನನ್ನ ಬಿಟ್ಟು ಹೊಂಟಾಳ್ರಿ! ನನ್ನ ಲಗ್ನ ತಪ್ಪತದ, ಬಿಡ್ರಿ!" ಎಂದು ಹುಡುಗಿ ಟೇಬಲಿನಿಂದ ಜಿಗಿದಳು. ವೈದ್ಯೆ ಒಂದು ತೋಳು ಹಿಡಿದರು, ನಾನು ಇನ್ನೊಂದು ಹಿಡಿದೆ. ಹೊಲಿದ ಹಣೆಯಿಂದ ಮತ್ತೆ ರಕ್ತ ಇಳಿಯುತ್ತಿತ್ತು. ನಾವೇ ಆಕೆಯನ್ನು ಅಪಹರಿಸುತ್ತಿದ್ದೇವೆಂಬಂತೆ ವರಾಂಡದಲ್ಲಿ ಉಳಿದ ಜನ ಬಾಗಿಲಿಗೆ ಬಂದು ನೋಡುತ್ತಿದ್ದರು. ಹುಡುಗಿ ನನ್ನ ಕೈ ಕಚ್ಚಿದಳು. ನಾನು ಬಿಡಲಿಲ್ಲ.